ನಾಲ್ಕು ಅಂಕದ ಆ ಪ್ಯಾರಾ

ಜನವರಿ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಹತ್ತನೆಯ ತರಗತಿಯವರಿಗೆ ಬೇರೆಯದೇ ವೇಳಾಪಟ್ಟಿ ಶುರುವಾಗುತ್ತದೆ. ಬೆಳಿಗ್ಗೆ ಪ್ರಾರ್ಥನೆಗೂ ಮೊದಲೊಂದು ವಿಶೇಷ ತರಗತಿ, ಸಂಜೆ ಗಂಟೆ ಬಾರಿಸಿದ ಮೇಲೆ ಇನ್ನೊಂದು. ರಾತ್ರಿ ಓಣಿಯಲ್ಲಿ ಗುಂಪು ಅಧ್ಯಯನ. ನಸುಕಿನ ಐದಕ್ಕೆ ಶಿಕ್ಷಕರ ಫೋನು: ‘ಎದ್ದಿಯೇನವಾ? ಪುಸ್ತಕಾ ಹಿಡದೀ ಇಲ್ಲ?’ ಇದೇ ಹೊತ್ತಿಗೆ ಎರೆಹೊಲಗಳಲ್ಲಿ ಬಿಳಿಜೋಳದ ತೆನೆ ಬಲಿತಿರುತ್ತದೆ, ಕಡಲೆ ಕೀಳುವ ದಿನ ಹತ್ತಿರವಾಗಿರುತ್ತದೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಯತ್ತ ಸಾಗುತ್ತಿರುತ್ತವೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ದಾರಿ ಚಕ್ಕಡಿಗಳಿಂದ ತುಂಬುತ್ತದೆ. ರಾಮದುರ್ಗ, ಸುರೇಬಾನದ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಕೈಗಳು ಶಾಲೆಗೆ ಹೋಗುವ ಹುಡುಗಿಯರವೂ ಹೌದು. ಇಷ್ಟೆಲ್ಲದರ ನಡುವೆ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುತ್ತವೆ, ಮತ್ತು ಮಕ್ಕಳ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ.

ಪಾಸಿಂಗ್ ಪ್ಯಾಕೇಜ್ ಎಂದರೆ ಏನೆಂದು ಹತ್ತನೆಯ ತರಗತಿಯ ಮಗುವಿರುವ ಪ್ರತಿ ಮನೆಗೂ ಗೊತ್ತು. ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ಎದುರಿಗಿಟ್ಟುಕೊಂಡು, ಕಡಿಮೆ ಓದಿ ಹೆಚ್ಚು ಅಂಕ ಗಳಿಸುವ ಭಾಗಗಳನ್ನು ಆರಿಸಿ ಕಟ್ಟಿದ ಹತ್ತಿಪ್ಪತ್ತು ಪುಟಗಳ ಕಟ್ಟು ಅದು. ಇಂಗ್ಲಿಷಿನದಾದರೆ ಬಾಯಿಪಾಠದ ಪದ್ಯದ ಸಾಲುಗಳು, ಎಲ್ಲ ವಿಷಯಕ್ಕೂ ಹೊಂದುವ ಒಂದು ಪತ್ರ, ಯಾವ ಚಿತ್ರ ಬಂದರೂ ಬರೆಯಬಹುದಾದ ನಾಲ್ಕು ವಾಕ್ಯ, ವ್ಯಕ್ತಿಪರಿಚಯದ ಅಂಕಿಅಂಶಗಳನ್ನು ವಾಕ್ಯವಾಗಿಸುವ ಅಚ್ಚು. ಇದನ್ನು ತಯಾರಿಸಿ, ತಿದ್ದಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವ ಶಿಕ್ಷಕರ ಶ್ರಮವನ್ನು ಹಗುರಾಗಿ ಕಾಣಲು ನನ್ನಿಂದಾಗದು. ಒಂಬತ್ತು ವರ್ಷ ಇಂಗ್ಲಿಷ್ ಎಂದರೆ ನಡುಗುತ್ತ ಬಂದ ಮಗುವನ್ನು ಮೂರು ತಿಂಗಳಲ್ಲಿ ದಡ ಸೇರಿಸಬೇಕಾದವರು ಬೇರೆ ಏನು ಮಾಡಿಯಾರು? ಆದರೆ ಆ ಕಟ್ಟಿನೊಳಗೆ ಹಿಡಿಸದ ಒಂದು ಭಾಗ ಪ್ರಶ್ನೆಪತ್ರಿಕೆಯಲ್ಲಿದೆ. ಪಠ್ಯಪುಸ್ತಕದಲ್ಲಿ ಎಲ್ಲೂ ಇಲ್ಲದ ಒಂದು ಪ್ಯಾರಾ, ಅದರ ಕೆಳಗೆ ಪ್ರಶ್ನೆ, ನಾಲ್ಕು ಅಂಕ. ಪರೀಕ್ಷೆಯ ಬೆಳಿಗ್ಗೆಯವರೆಗೆ ಮಗುವೂ ಅದನ್ನು ಕಂಡಿರುವುದಿಲ್ಲ, ಶಿಕ್ಷಕರೂ ಕಂಡಿರುವುದಿಲ್ಲ.

ನಾಲ್ಕೇ ಅಂಕವಲ್ಲವೇ ಎನ್ನಬಹುದು. ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು, ಉಳಿದ 20 ಆಂತರಿಕ. ಬಹಳ ವರ್ಷ ಉತ್ತೀರ್ಣರಾಗಲು ಬೇಕಿದ್ದದ್ದು ಲಿಖಿತದಲ್ಲಿ 28. ಅಂಚಿನಲ್ಲಿ ನಿಂತ ಮಗುವಿಗೆ 28ರಲ್ಲಿ ನಾಲ್ಕು ಎಂದರೆ ಏಳನೆಯ ಒಂದು ಪಾಲು. ಅದಕ್ಕಿಂತ ದೊಡ್ಡ ಮಾತೆಂದರೆ, ಇಡೀ ಪ್ರಶ್ನೆಪತ್ರಿಕೆಯೇ ಓದಿನ ಪರೀಕ್ಷೆ. ಮೊದಲ ಪ್ರಶ್ನೆಯಿಂದ ಕೊನೆಯವರೆಗೆ ಎಲ್ಲ ಸೂಚನೆಗಳೂ ಇಂಗ್ಲಿಷಿನಲ್ಲೇ ಇವೆ. ಉತ್ತರ ಬಾಯಿಗೆ ಬರುತ್ತಿದ್ದರೂ ಇದು ಆ ಪ್ರಶ್ನೆಯೇ ಎಂದು ಗುರುತು ಹಿಡಿಯಲಾಗದೆ ಬೇರೆ ಉತ್ತರ ಬರೆದು ಬರುವ ಮಕ್ಕಳನ್ನು ಪ್ರತಿ ಮೌಲ್ಯಮಾಪಕರೂ ಬಲ್ಲರು. ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ಗೊತ್ತಿಲ್ಲದೆ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ನೋವಿನದು.

ಕಾಣದ ಪ್ಯಾರಾಕ್ಕೆ ಮಕ್ಕಳನ್ನು ತಯಾರು ಮಾಡುವ ರೂಢಿಯ ಉಪಾಯ ಒಂದಿದೆ. ಪ್ರಶ್ನೆಯಲ್ಲಿರುವ ಶಬ್ದವನ್ನು ಪ್ಯಾರಾದಲ್ಲಿ ಹುಡುಕು, ಸಿಕ್ಕ ಸಾಲನ್ನು ಇದ್ದಂತೆ ಇಳಿಸು. ‘ಅಕ್ಕಾರ, ಯಾವ ಸಾಲು ಬರೀಬೇಕ್ರಿ?’ ಎಂಬ ಪ್ರಶ್ನೆ ಈ ಉಪಾಯದ ಮಗು. ಇದು ಕೆಲವೊಮ್ಮೆ ಫಲಿಸುತ್ತದೆ, ಹಾಗಾಗಿಯೇ ಉಳಿದಿದೆ. ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಒಂದೇ ವಾಕ್ಯ ಸಾಕು: ‘ದಿ ಫಾರ್ಮರ್ ಹೂ ಸೋಲ್ಡ್ ಹಿಸ್ ಬುಲಕ್ಸ್ ಟು ಹಿಸ್ ನೇಬರ್ ಬಾಟ್ ಎ ಟ್ರ್ಯಾಕ್ಟರ್.’ ಟ್ರ್ಯಾಕ್ಟರ್ ಕೊಂಡವರು ಯಾರು? ಕಣ್ಣು ‘ಬಾಟ್’ ಎಂಬ ಕ್ರಿಯಾಪದದ ಮೇಲೆ ನಿಲ್ಲುತ್ತದೆ. ಅದರ ಹಿಂದೆಯೇ ‘ನೇಬರ್’ ನಿಂತಿದ್ದಾನೆ. ಮಗು ನೆರೆಯವನೇ ಕೊಂಡ ಎಂದು ಬರೆಯುತ್ತದೆ.

ಇದು ದಡ್ಡತನವಲ್ಲ. ಕನ್ನಡದ ವಾಕ್ಯ ಹಾಗೆ ನಡೆಯುವುದಿಲ್ಲ. ‘ತನ್ನ ಎತ್ತುಗಳನ್ನು ನೆರೆಯವನಿಗೆ ಮಾರಿದ ರೈತ ಟ್ರ್ಯಾಕ್ಟರ್ ಕೊಂಡ’ ಎಂದು ನಾವು ಹೇಳುವಾಗ ವಿವರಣೆಯೆಲ್ಲ ಮೊದಲು ಬಂದು, ಆಮೇಲೆ ರೈತ, ಅವನ ಬೆನ್ನಿಗೇ ಅವನ ಕೆಲಸ. ಇಂಗ್ಲಿಷು ರೈತನನ್ನು ಮೊದಲೇ ನಿಲ್ಲಿಸಿ, ನಡುವೆ ವಿವರಣೆ ತುರುಕಿ, ಅವನ ಕ್ರಿಯಾಪದವನ್ನು ದೂರ ಇಡುತ್ತದೆ. ಈ ದೂರವನ್ನು ದಾಟಲು ಕನ್ನಡದ ಮಗುವಿಗೆ ಯಾರಾದರೂ ಕಲಿಸಬೇಕು. ಹಾಗೆಯೇ ‘ಬಿಫೋರ್ ಹಿ ವೆಂಟ್ ಟು ದಿ ಫೀಲ್ಡ್, ಹಿ ಫೆಡ್ ದಿ ಕೌಸ್’ ಎಂಬಲ್ಲಿ ಮೊದಲು ನಡೆದದ್ದು ಯಾವುದು ಎಂದರೆ, ಸಾಲಿನಲ್ಲಿ ಮೊದಲು ಬಂದದ್ದನ್ನೇ, ಅಂದರೆ ಹೊಲಕ್ಕೆ ಹೋದದ್ದನ್ನೇ ಮಗು ಹೇಳುತ್ತದೆ. ‘ಆಲ್ದೋ’, ‘ಅನ್‌ಲೆಸ್’, ‘ಇನ್‌ಸ್ಟೆಡ್’ ಇಂಥ ಚಿಕ್ಕ ಕೀಲುಗಳ ಮೇಲೆ ಇಡೀ ಪ್ಯಾರಾದ ಅರ್ಥ ತಿರುಗುತ್ತದೆ. ಪ್ಯಾಕೇಜಿನಲ್ಲಿ ಇವಕ್ಕೆ ಜಾಗವಿಲ್ಲ, ಏಕೆಂದರೆ ಇವು ಇಂತಿಷ್ಟೇ ಅಂಕದ ಪ್ರಶ್ನೆಯಾಗಿ ಬರುವುದಿಲ್ಲ. ಇನ್ನು ‘ಹಿ’, ‘ಶಿ’, ‘ದೇ’, ‘ಇಟ್’ ಯಾರನ್ನು ಕುರಿತವು ಎಂಬುದನ್ನು ಪ್ರತಿ ಸಾಲಿನಲ್ಲೂ ಬೆರಳಿಟ್ಟು ತೋರಿಸುವ ಅಭ್ಯಾಸವನ್ನು ಎರಡು ವಾರ ಮಾಡಿಸಿ ನೋಡಿ. ಅರ್ಧ ಮಂಜು ಅಲ್ಲೇ ಕರಗುತ್ತದೆ.

ಓದು ಎಂದರೆ ಎರಡು ಶಕ್ತಿಗಳ ಗುಣಾಕಾರ ಎಂದು 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಬರೆದರು. ಅಕ್ಷರವನ್ನು ಶಬ್ದವಾಗಿಸುವ ಶಕ್ತಿ ಒಂದು, ಆ ಭಾಷೆಯ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಒಟ್ಟೂ ಸೊನ್ನೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2023ರಲ್ಲಿ ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3. ಹಾಗೆ ಓದಿದವರಲ್ಲೂ ಸುಮಾರು ಕಾಲುಭಾಗದವರಿಗೆ ಓದಿದ್ದರ ಅರ್ಥ ಹೇಳಲು ಬರಲಿಲ್ಲ. ಗಟ್ಟಿಯಾಗಿ, ತಡವರಿಸದೆ ಓದುವ ಹುಡುಗಿಗೆ ಓದು ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲದೆಯೂ ಇರಬಹುದು.

ಇಲ್ಲೊಂದು ಸರಳ ತಪಾಸಣೆಯನ್ನು ಪ್ರತಿ ಇಂಗ್ಲಿಷ್ ಶಿಕ್ಷಕರೂ ಮಾಡಬೇಕು ಎಂದು ನನ್ನ ಆಗ್ರಹ. ಇಂಗ್ಲಿಷ್ ಪ್ಯಾರಾವನ್ನೇ ಕನ್ನಡಕ್ಕೆ ತಂದು, ಅವೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ. ಪ್ರಥಮ ಭಾಷೆ ಕನ್ನಡದ ಪತ್ರಿಕೆಯಲ್ಲೂ ಅಪಠಿತ ಗದ್ಯ ಇದ್ದೇ ಇದೆಯಲ್ಲ. ‘ಏಕೆ’ ಎಂದು ಕೇಳಿದ್ದಕ್ಕೆ ‘ಏನು’ ಎಂಬುದರ ಉತ್ತರ ಕನ್ನಡದಲ್ಲೂ ಬಂದರೆ, ಆ ಮಗುವಿನ ತೊಡಕು ಇಂಗ್ಲಿಷಿನದಲ್ಲ, ಓದಿನದು. ಅದನ್ನು ಇಂಗ್ಲಿಷ್ ವ್ಯಾಕರಣದ ಹಾಳೆಗಳಿಂದ ಗುಣಪಡಿಸಲಾಗದು. ತಾಯ್ನುಡಿಯಲ್ಲಿ ಗಳಿಸಿದ ಓದಿನ ಜಾಣ್ಮೆ ಎರಡನೆಯ ಭಾಷೆಗೂ ಹರಿಯುತ್ತದೆ ಎಂಬುದನ್ನು ಕೆನಡಾದ ಜಿಮ್ ಕಮಿನ್ಸ್ 1970ರ ದಶಕದಿಂದ ಹೇಳುತ್ತ ಬಂದಿದ್ದಾರೆ. ಕನ್ನಡ ಶಿಕ್ಷಕರೂ ಇಂಗ್ಲಿಷ್ ಶಿಕ್ಷಕರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಒಂದೇ ಮಗುವಿನ ಎರಡು ಅಪಠಿತ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಿಲ್ಲ.

ಈ ಮಾತು ಈಗ ತುರ್ತಾದದ್ದಕ್ಕೆ ಕಾರಣವಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. ಕ್ಯಾಮೆರಾ ಬಂದ ವರ್ಷ ಹಿಂದೆಂದೂ ಕೊಡದಷ್ಟು ಕೃಪಾಂಕ ಕೊಟ್ಟ ಮೇಲೂ ಅದು 73.40ಕ್ಕೆ ಇಳಿಯಿತು. ಆ ಕೃಪಾಂಕ ಕೈಬಿಟ್ಟ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ 62.34. ಮಕ್ಕಳು ಎರಡು ವರ್ಷದಲ್ಲಿ ದಡ್ಡರಾಗಲಿಲ್ಲ. ಮೊದಲಿನಿಂದ ಇದ್ದದ್ದು ಈಗ ಕಂಡಿತು. ಆಮೇಲೆ ಸರಕಾರ 2025-26ನೇ ಸಾಲಿನಿಂದ ಉತ್ತೀರ್ಣಕ್ಕೆ ಬೇಕಾದ ಒಟ್ಟು ಅಂಕವನ್ನು ಶೇ 35ರಿಂದ 33ಕ್ಕೆ, ಅಂದರೆ 625ರಲ್ಲಿ 206ಕ್ಕೆ ಇಳಿಸಿತು. ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದರೆ ಸಾಕು. ಒಂದಷ್ಟು ಮಕ್ಕಳು ಇದರಿಂದ ಮುಂದೆ ಹೋಗುತ್ತಾರೆ, ಅದು ಒಳ್ಳೆಯದೇ. ಆದರೆ ಗೆರೆ ಕೆಳಗಿಳಿದರೆ ಓದು ಮೇಲೇರುವುದಿಲ್ಲ. ಪಿಯುಸಿಗೆ ಹೋಗಿ ಇಂಗ್ಲಿಷಿನಲ್ಲಿರುವ ವಿಜ್ಞಾನದ ಪುಸ್ತಕ ತೆರೆದಾಗ ಅದೇ ಮಗು ಅದೇ ಪ್ಯಾರಾದ ಮುಂದೆ ಮತ್ತೆ ಕೂರುತ್ತದೆ, ಈ ಸಲ ಪ್ಯಾಕೇಜ್ ಇಲ್ಲದೆ.

ಈ ಭಾಗಕ್ಕೆ ಇಂಗ್ಲಿಷಿನೊಂದಿಗೆ ಇರುವ ನಂಟು ಹಳೆಯದು, ಕಹಿ-ಸಿಹಿ ಬೆರೆತದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ನೆಲ ಇದು. ಆಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಮುಂಬಯಿ ಆಡಳಿತ. ಇಯತ್ತೆಗಳ ಲೆಕ್ಕ, ಮುಲ್ಕಿ ಪರೀಕ್ಷೆ, ಮುಲ್ಕಿ ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆ. ಇಂಗ್ಲಿಷ್ ಬೇಕೆಂದವರು ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕಿತ್ತು. ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳು 1916ರಲ್ಲಿ ಮೊದಲು ತೆರೆದದ್ದು ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆಯನ್ನೇ. ಏಕೀಕರಣದ ನಂತರ ದಶಕಗಟ್ಟಲೆ ಕನ್ನಡ ಶಾಲೆಯ ಮಗು ಐದನೆಯ ತರಗತಿಯಲ್ಲಿ ಎಬಿಸಿಡಿ ಕಾಣುತ್ತಿತ್ತು. 2007-08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಈಗ ಹತ್ತನೆಯ ತರಗತಿಯಲ್ಲಿರುವ ಮಗು ಹತ್ತು ವರ್ಷ ಇಂಗ್ಲಿಷ್ ಪಾಠ ಕೇಳಿದ ಮಗು. ಹತ್ತು ವರ್ಷ ಕೇಳಿಯೂ ಅರ್ಧ ಪುಟ ಓದಲಾಗದಿದ್ದರೆ ತಪ್ಪು ಮಗುವಿನದಾಗಿರಲು ಸಾಧ್ಯವೇ ಇಲ್ಲ.

ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ವಿನಾಯಕ ಕೃಷ್ಣ ಗೋಕಾಕರ ‘ದ ಸಾಂಗ್ ಆಫ್ ಇಂಡಿಯಾ’ ಎಂಬ ಕವಿತೆಯಿದೆ. 1980ರ ದಶಕದಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೇಳಿ ವರದಿ ಕೊಟ್ಟವರು ಅವರೇ. ಅದಕ್ಕೂ ಎಷ್ಟೋ ಮೊದಲು ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಹೊಣೆ ಹೊತ್ತವರೂ ಅವರೇ. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿದ ಅವರಿಗೆ ಈ ಎರಡು ಕೆಲಸಗಳ ನಡುವೆ ಜಗಳ ಕಾಣಲಿಲ್ಲ. ಕನ್ನಡವನ್ನು ಗಟ್ಟಿಯಾಗಿ ಓದಬಲ್ಲ ಮಗುವೇ ಇಂಗ್ಲಿಷಿಗೆ ಧೈರ್ಯದಿಂದ ಕೈಹಾಕುತ್ತದೆ ಎಂದು ನಂಬುವ ನನಗೂ ಕಾಣುವುದಿಲ್ಲ. ಕವಿತೆಯ ಸಾರಾಂಶ ಬರೆಸುವ ದಿನ ಈ ಸಂಗತಿಯನ್ನೂ ಮಕ್ಕಳಿಗೆ ಹೇಳಿದರೆ ಚೆನ್ನು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಜನವರಿಯಲ್ಲಿ ಶುರು ಮಾಡುವುದನ್ನು ಬಿಡಬೇಕು. ಓದಿನ ತಯಾರಿ ಎಂಟನೆಯ ತರಗತಿಯ ಜೂನಿನಲ್ಲಿ ಶುರುವಾಗಬೇಕು, ದಿನಕ್ಕೆ ಹತ್ತು ನಿಮಿಷ ಸಾಕು. ಆರೇಳು ಸಾಲಿನ ಒಂದು ಹೊಸ ಪ್ಯಾರಾ. ಶಿಕ್ಷಕರು ಒಮ್ಮೆ ಗಟ್ಟಿಯಾಗಿ ಓದಲಿ, ಮಕ್ಕಳು ಒಮ್ಮೆ ಮೌನವಾಗಿ ಓದಲಿ. ಆಮೇಲೆ ಪುಸ್ತಕ ಮುಚ್ಚಿ ಒಬ್ಬರು ತಮ್ಮ ಮನೆಮಾತಿನಲ್ಲೇ, ನಮ್ಮ ಕಡೆಯ ಕನ್ನಡದಲ್ಲೇ, ಅದರಲ್ಲಿದ್ದದ್ದನ್ನು ಹೇಳಲಿ. ‘ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಬೇಡ’ ಎಂಬ ಗದರಿಕೆ ಇಲ್ಲಿ ಬೇಡ. ಅರ್ಥವಾಯಿತೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ. ಕೊನೆಗೆ ಪ್ರಶ್ನೆಗಳನ್ನು ಮಕ್ಕಳೇ ಮಾಡಲಿ. ಪ್ರಶ್ನೆ ಕಟ್ಟಲು ಬಂದ ಮಗುವಿಗೆ ಪ್ರಶ್ನೆ ಓದಲು ತಾನಾಗಿ ಬರುತ್ತದೆ.

ಆ ಪ್ಯಾರಾ ಯಾವುದರ ಮೇಲಿರಬೇಕು ಎಂಬುದೂ ಮುಖ್ಯ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಹೈಸ್ಕೂಲಿಗೆ ಬರುವ ವಯಸ್ಸಿನ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗೆಗಿನ ಬರಹವೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ನಮ್ಮ ಮಕ್ಕಳಿಗೆ ಬೇಸ್‌ಬಾಲ್ ಗೊತ್ತಿಲ್ಲ, ಕಬ್ಬಿನ ತೂಕದ ಚೀಟಿ ಗೊತ್ತು. ಮೋಟರು, ಸ್ಟಾರ್ಟರು, ಟ್ರಾಲಿ, ಲೋಡು, ಸಬ್ಸಿಡಿ, ರೀಚಾರ್ಜು, ಬ್ಯಾಲೆನ್ಸು ಇವೆಲ್ಲ ಅವರ ನಾಲಗೆಯ ಮೇಲೆ ದಿನವೂ ಇರುವ ಇಂಗ್ಲಿಷ್. ಗೊಬ್ಬರದ ಚೀಲದ ಮೇಲಿನ ಬರಹ, ಬೀಜದ ಪಾಕೀಟು, ಮಾತ್ರೆಯ ಪಟ್ಟಿ, ಬಸ್ಸಿನ ಬೋರ್ಡು ಮೊದಲ ತಿಂಗಳ ಓದಿನ ಸಾಮಗ್ರಿ ಆಗಬಹುದು. ನವಿಲುತೀರ್ಥದ ಅಣೆಕಟ್ಟಿನ ಬಾಗಿಲು ತೆರೆದ ದಿನ, ರಾಮದುರ್ಗದ ಮಗ್ಗ, ಬೆಳವಡಿ ಮಲ್ಲಮ್ಮ, ಸಂಗೊಳ್ಳಿ ರಾಯಣ್ಣ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಕಥೆ, ಇವನ್ನೆಲ್ಲ ಆರು ಸಾಲಿನ ಸುಲಭ ಇಂಗ್ಲಿಷಿನಲ್ಲಿ ಶಿಕ್ಷಕರೇ ಬರೆಯಬಹುದು.

ಇದರಲ್ಲೊಂದು ಅಪಾಯವಿದೆ, ಅದನ್ನೂ ಹೇಳಬೇಕು. ಕಥೆ ಗೊತ್ತಿದ್ದರೆ ಮಗು ಓದದೆಯೇ ಉತ್ತರ ಬರೆಯುತ್ತದೆ. ಆದ್ದರಿಂದ ಪ್ಯಾರಾದೊಳಗೆ ಮಗುವಿಗೆ ಗೊತ್ತಿರದ ಒಂದು ವಿವರ ಇರಲೇಬೇಕು, ಪ್ರಶ್ನೆ ಅದರ ಮೇಲಿರಬೇಕು. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ವಿಷಯ ಮೆಲ್ಲಗೆ ಊರಿನಾಚೆ ಹೋಗಲಿ. ಹಿಮಬಿದ್ದ ಊರು, ಸಮುದ್ರ, ಅಂತರಿಕ್ಷ, ಎಂದೂ ಕಾಣದ ಹಕ್ಕಿ. ಪರೀಕ್ಷೆಯ ಪ್ಯಾರಾ ಬೈಲಹೊಂಗಲದ ಬಗ್ಗೆ ಬರುವುದಿಲ್ಲ.

ಎರಡನೆಯದು, ಪುಸ್ತಕ. 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪದ ಹಳ್ಳಿಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಒಂದು ಪ್ರಯೋಗ ಮಾಡಿದರು. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿದ್ದ ತರಗತಿಗಳಿಗೆ 250ರಷ್ಟು ಚಿತ್ರವಿರುವ ಕಥೆಪುಸ್ತಕ ಕೊಟ್ಟರು. ಕೆಲವು ತರಗತಿಗಳಲ್ಲಿ ದಿನವೂ ಸ್ವಲ್ಪ ಹೊತ್ತು ಸುಮ್ಮನೆ ಓದಲು ಬಿಟ್ಟರು, ಕೆಲವದರಲ್ಲಿ ಶಿಕ್ಷಕರು ಕಥೆಯನ್ನು ಮಕ್ಕಳೊಂದಿಗೆ ಕೂಡಿ ಓದಿದರು. ಎಂಟು ತಿಂಗಳಲ್ಲಿ ಆ ಮಕ್ಕಳ ಓದಿನ ಪ್ರಗತಿ ಪಠ್ಯಪುಸ್ತಕದ ಪಾಠವನ್ನಷ್ಟೇ ಕಲಿತವರ ಸುಮಾರು ಇಮ್ಮಡಿಯಾಗಿತ್ತು. ಎರಡನೆಯ ವರ್ಷಕ್ಕೆ ಆ ಲಾಭ ಬರವಣಿಗೆಗೂ ಹರಡಿತ್ತು. ವ್ಯಾಕರಣದ ಹಾಳೆಗಳನ್ನು ಹೆಚ್ಚಿಸಿ ಪಡೆದ ಫಲವಲ್ಲ ಇದು, ಕಥೆ ಓದಿ ಪಡೆದದ್ದು.

ಪುಸ್ತಕ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಮೊದಲಿನಷ್ಟು ಬಡ ಉತ್ತರ ಈಗಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿ, ಮರುದಿನ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದಿದ ಮಗು ನಿಘಂಟು ಮುಟ್ಟದೆ ಅರ್ಧ ದಾರಿ ಕ್ರಮಿಸಿರುತ್ತದೆ. ಹೈಸ್ಕೂಲುಗಳ ಗ್ರಂಥಾಲಯದ ಪುಸ್ತಕಗಳು ಮಾತ್ರ ಬಹಳ ಕಡೆ ಸ್ಟಾಫ್ ರೂಮಿನ ಕಬ್ಬಿಣದ ಕಪಾಟಿನೊಳಗೆ, ಹರಿದರೆ ಯಾರು ಹೊಣೆ ಎಂಬ ಭಯದಲ್ಲಿ ಬೀಗ ಹಾಕಿಸಿಕೊಂಡಿವೆ. ಹರಿಯಲಿ ಬಿಡಿ. ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ.

ಶಿಕ್ಷಕರ ಮಾತು ಹೇಳದೆ ಮುಗಿಸಲಾಗದು. 1963ರಿಂದ ಬೆಂಗಳೂರಿನಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಆದರೆ ಖಾಲಿ ಹುದ್ದೆಯಲ್ಲಿ ವರ್ಷಕ್ಕೊಮ್ಮೆ ಬಂದು ಹೋಗುವ ಅತಿಥಿ ಶಿಕ್ಷಕರಿಗೆ ಅಂಥ ತರಬೇತಿ ಸುಲಭಕ್ಕೆ ಸಿಗುವುದಿಲ್ಲ. ಎಂಟರಲ್ಲಿ ಶುರು ಮಾಡಿದ ಓದನ್ನು ಹತ್ತರವರೆಗೆ ಒಬ್ಬರೇ ನಡೆಸಿಕೊಂಡು ಹೋಗುವ ಭರವಸೆಯೂ ಅವರಿಗಿಲ್ಲ. ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ಮೂಲೆಯಲ್ಲಿರುವ ರಾಮದುರ್ಗದಂಥ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರದ ಕಾರ್ಯಾಗಾರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಪಾಠ ಹೋದಂತೆಯೇ. ತಾಲ್ಲೂಕು ಮಟ್ಟದಲ್ಲೇ, ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಇಂಗ್ಲಿಷ್ ಶಿಕ್ಷಕರು ತಾವು ಬರೆದ ಪ್ಯಾರಾಗಳನ್ನು ಹಂಚಿಕೊಳ್ಳಲು ಕೂಡುವಂತಾದರೆ ವರ್ಷದ ಕೊನೆಗೆ ನಾಲ್ಕು ತಾಲ್ಲೂಕಿಗೂ ಸಾಲುವ ಒಂದು ಓದಿನ ಭಂಡಾರ ತಯಾರಾಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಹಣವೇ ಬೇಡ.

ಈ ಸಲ ಪರೀಕ್ಷೆಗೆ ಕೂರುವ ಮಕ್ಕಳಿಗೆ ಇಷ್ಟು ವೇಳೆ ಇಲ್ಲ, ಬಲ್ಲೆ. ಅವರಿಗೊಂದು ಮಾತು. ಮೂರು ಗಂಟೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ಮೊದಲ ಹದಿನೈದು ನಿಮಿಷ ಇರುವುದು ಓದಲಿಕ್ಕೇ. ಪೆನ್ನು ಕೆಳಗಿಟ್ಟು ಗೋಡೆ ನೋಡುತ್ತ ಕೂರಬೇಡಿ, ಬಾಯಿಪಾಠದ ಪದ್ಯವನ್ನು ಮನಸ್ಸಿನಲ್ಲಿ ಉರುಹಾಕುತ್ತಲೂ ಕೂರಬೇಡಿ. ಆ ಪ್ಯಾರಾ ಇರುವ ಪುಟಕ್ಕೆ ಹೋಗಿ. ಮೊದಲು ಪ್ರಶ್ನೆಗಳನ್ನು ಓದಿ, ಅವು ‘ಯಾರು’ ಕೇಳುತ್ತಿವೆಯೋ, ‘ಏಕೆ’ ಕೇಳುತ್ತಿವೆಯೋ ನೋಡಿ. ಆಮೇಲೆ ಪ್ಯಾರಾವನ್ನು ಎರಡು ಸಲ ಓದಿ. ತಿಳಿಯದ ಶಬ್ದ ಬಂದರೆ ನಿಲ್ಲಬೇಡಿ, ಮುಂದಿನ ಸಾಲು ಅದರ ಅರ್ಥ ಹೇಳಬಹುದು. ಉತ್ತರ ಪ್ಯಾರಾದೊಳಗೇ ಇದೆ, ಹೊರಗಿನಿಂದ ತರಬೇಕಾದದ್ದು ಏನೂ ಇಲ್ಲ.

ದೊಡ್ಡವರಲ್ಲಿ ನನ್ನ ವಿನಂತಿ ಬೇರೆ. ನಿಮ್ಮೂರ ಹೈಸ್ಕೂಲಿನ ಎಸ್‌ಡಿಎಂಸಿಯಲ್ಲಿ ನೀವಿದ್ದರೆ, ಮುಂದಿನ ಸಭೆಯಲ್ಲಿ ಗ್ರಂಥಾಲಯದ ಕಪಾಟಿನ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ. ಎಂಟನೆಯ ತರಗತಿಯ ಮಕ್ಕಳ ಕೈಗೆ ವಾರಕ್ಕೆರಡು ಪುಸ್ತಕ, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು, ಬರುವವರೆಗೆ ಆ ಪ್ರಶ್ನೆಯನ್ನು ಪ್ರತಿ ಸಭೆಯಲ್ಲೂ ಕೇಳುತ್ತಿರಿ.